ಮೆಟ್ಟಿಲ ಪಕ್ಕದ ಕೋಣೆ

ಮೊದಲ ಮೂರು ತಿಂಗಳು ಡಬ್ಬಿಯೊಳಕ್ಕೆ ಯಾರೂ ಬರಲಿಲ್ಲ.

ಬೆಳಿಗ್ಗೆ ಏಳೂಕಾಲಿಗೆ ಕಂಪನಿ ಬಸ್ಸು ಕ್ಯಾತ್ಸಂದ್ರದ ಸ್ಟಾಪಿಗೆ ಬರುತ್ತದೆ. ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಇಬ್ಬನಿ ತನ್ನ ಗೇಮಿನ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ, ನನ್ನ ಊಟದ ಚೀಲದಲ್ಲಿ ಮೊಸರನ್ನದ ಬಾಕ್ಸಿನ ಪಕ್ಕ ಇಡುತ್ತಿದ್ದಳು.

"ಅಮ್ಮಾ, ಆಫ್ ಮಾಡ್ಬೇಡ. ಮಲಗಿಸಿದೀನಿ ಅಷ್ಟೆ. ಮಲಗಿದ್ರೂ ಅದಕ್ಕೆ ಕಿವಿ ಕೇಳ್ಸತ್ತೆ."

ಸಂಜೆ ಬಾಗಿಲು ತೆಗೆದವಳು ನನ್ನ ಮುಖಕ್ಕಿಂತ ಮೊದಲು ಚೀಲ ನೋಡುತ್ತಿದ್ದಳು. ಡಬ್ಬಿ ತೆರೆದು, ಒಂದು ಕ್ಷಣ ನೋಡಿ, "ಇವತ್ತೂ ಸೊನ್ನೆ" ಎಂದು ಮತ್ತೆ ಮುಚ್ಚುತ್ತಿದ್ದಳು. ಸೊನ್ನೆ ಎಂಬುದು ನನಗೆ ಮೊದಲೇ ಗೊತ್ತಿರುತ್ತಿತ್ತು. ವಾಪಸು ಬಸ್ಸು ಟೋಲ್ ದಾಟುವಾಗ, ಆರೂ ಹತ್ತರ ಸುಮಾರಿಗೆ, ನಾನೇ ಡಬ್ಬಿ ತೆಗೆದು ಆಟದೊಳಗಿನ ಅತಿಥಿಗಳ ಪುಸ್ತಕ ನೋಡಿರುತ್ತಿದ್ದೆ. ಸೊನ್ನೆಯಿದ್ದರೆ ಸ್ಟಾಪಿನಲ್ಲಿ ಇಳಿದು ಒಂದು ಪೊಟ್ಟಣ ಬೆಣ್ಣೆ ಬಿಸ್ಕತ್ತು ತೆಗೆದುಕೊಳ್ಳುತ್ತಿದ್ದೆ. ಬರಿಗೈಯಲ್ಲಿ ಬಂದವಳಿಗೆ ಮಗುವಿನೆದುರು ನಿಲ್ಲಲು ಏನಾದರೂ ಬೇಕಲ್ಲ.

ಆಟದ ಹೆಸರು 'ಮೂರು ರಾತ್ರಿಯ ಛತ್ರ'. ಜಪಾನಿನಲ್ಲಿ ಹರೆಯದವರು ರೈಲಿನಲ್ಲಿ ಓದಲೆಂದೇ ಬರೆಯುವ, ನಡುನಡುವೆ ಚಿತ್ರಗಳಿರುವ ಸಣ್ಣ ಕಾದಂಬರಿಗಳಿವೆಯಂತೆ. ಲೈಟ್ ನಾವೆಲ್ ಅನ್ನುತ್ತಾರೆ. ಅಂಥ ಹದಿನೇಳು ಪುಸ್ತಕಗಳ ಸರಣಿಯೊಂದರಿಂದ ಮಾಡಿದ ಆಟ ಇದು. ಹಿಮದ ಕಣಿವೆಯಲ್ಲಿ ಒಬ್ಬ ಹುಡುಗಿ ಒಂಟಿಯಾಗಿ ಛತ್ರ ನಡೆಸುತ್ತಾಳೆ. ದಾರಿಹೋಕರು ಮೂರು ರಾತ್ರಿ ಉಳಿಯಬಹುದು. ಆ ಮೂರು ದಿನ ಅವರ ಜೊತೆ ಸೇರಿ ದೀಪದ ಎಣ್ಣೆ ತರಲು ಗುಹೆಗೆ ಹೋಗಬೇಕು, ತೋಳಗಳನ್ನು ಓಡಿಸಬೇಕು. ನಾಲ್ಕನೆಯ ಬೆಳಿಗ್ಗೆ ಅವರು ಹೊರಡುತ್ತಾರೆ.

ದಾರಿಹೋಕರು ಆಟ ಮಾಡಿದವರು ಸೃಷ್ಟಿಸಿದ ಬೊಂಬೆಗಳಲ್ಲ. ಅದೇ ಈ ಡಬ್ಬಿಯ ಹೊಸತನ. ಡಬ್ಬಿಯ ಬೆನ್ನಿಗೆ ಅಂಟಿಸಿದ ತೆಳು ಪದರವೊಂದು ಹಿಡಿದ ಕೈಯ ಒತ್ತಡವನ್ನು ಅಳೆಯುತ್ತಿರುತ್ತದೆ. ತೋಳ ಬಂದಾಗ ಬೆರಳು ಎಷ್ಟು ಬಿಗಿಯುತ್ತದೆ, ಗಾಯಗೊಂಡವರಲ್ಲಿ ಯಾರ ಬಳಿ ಮೊದಲು ಓಡುತ್ತದೆ, ಮುಚ್ಚಿದ ಬಾಗಿಲ ಮುಂದೆ ಎಷ್ಟು ಹೊತ್ತು ತಡೆಯುತ್ತದೆ. ಒಂದೇ ಕೈ ನಲವತ್ತು ಸಲ ಡಬ್ಬಿ ಹಿಡಿದರೆ ಆ ಕೈಯ ಸ್ವಭಾವವನ್ನು ಕಲಿತ ಒಂದು ಆಕೃತಿ ಒಳಗೆ ಹುಟ್ಟುತ್ತದೆ. ಅದಕ್ಕೆ ನೆರಳು ಎಂದು ಹೆಸರು. ಇನ್ನೊಂದು ಡಬ್ಬಿ ಹತ್ತಡಿಯೊಳಗೆ ಹಾದುಹೋದರೆ ನೆರಳು ಅದರೊಳಕ್ಕೆ ದಾಟುತ್ತದೆ. ಮಲಗಿರುವ ಡಬ್ಬಿ ನೆರಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹೊರಗೆ ಕಳಿಸುವುದಿಲ್ಲ. ಸರ್ವರ್ ಇಲ್ಲ, ಇಂಟರ್ನೆಟ್ ಇಲ್ಲ. ನೆರಳು ಊರಿಂದೂರಿಗೆ ಹೋಗುವುದಾದರೆ ಯಾರದೋ ಜೇಬಿನಲ್ಲಿ, ಯಾರದೋ ಚೀಲದಲ್ಲಿ ಹೋಗಬೇಕು. ನಕಲೂ ಇಲ್ಲ. ಒಂದು ಕೈಗೆ ಒಂದೇ ನೆರಳು. ಅದು ಅಲ್ಲಿಗೆ ಹೋಯಿತೆಂದರೆ ಇಲ್ಲಿರುವುದಿಲ್ಲ.

ಟೋಕಿಯೋದಂಥ ಊರಿನಲ್ಲಿ ಮಕ್ಕಳು ಶಾಲೆಗೆ ಹೋಗಿಬರುವಷ್ಟರಲ್ಲಿ ಮೂವತ್ತು ನೆರಳು ಬಂದಿರುತ್ತವಂತೆ. ನಮ್ಮ ಕ್ಯಾತ್ಸಂದ್ರದ ಮಕ್ಕಳಿಗೆ ವಾರದಲ್ಲಿ ಮೂರು ದಿನ ಶಾಲೆ, ಮೂರು ದಿನ ಮನೆಯಲ್ಲೇ ಪರದೆಯ ಮುಂದೆ ಪಾಠ. ಇಬ್ಬನಿಯ ಅಪ್ಪ ಗದಗದ ಗಾಳಿಯಂತ್ರಗಳ ಮೇಲೆ ಹತ್ತಿ ರಿಪೇರಿ ಮಾಡುವವರು, ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಅವಳ ತರಗತಿಯಲ್ಲಿ ಈ ಡಬ್ಬಿ ಇದ್ದದ್ದು ಇನ್ನೊಬ್ಬಳ ಹತ್ತಿರ, ಎದುರು ಮನೆಯ ಪ್ರಾಪ್ತಿ. ಅವಳ ಅಪ್ಪನಿಗೆ ಬೆಳಗಾವಿಗೆ ವರ್ಗವಾಯಿತು. ಲಾರಿಗೆ ಸಾಮಾನು ತುಂಬುವಾಗ ಇಬ್ಬರೂ ಮೆಟ್ಟಿಲ ಮೇಲೆ ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತರು. ಇಬ್ಬನಿಯ ನೆರಳು ಆ ಡಬ್ಬಿಗೆ ದಾಟಿತು. ಪ್ರಾಪ್ತಿಯದು ಇನ್ನೂ ಹುಟ್ಟಿರಲಿಲ್ಲ. ಪ್ರಾಪ್ತಿ ಕಂಪಾಸ್ ಬಾಕ್ಸಿನಿಂದ ಕೈವಾರ ತೆಗೆದು ತನ್ನ ಡಬ್ಬಿಯ ಬೆನ್ನ ಮೇಲೆ ಕೆರೆದಳು: 'ಇಬ್ಬು ಇಲ್ಲಿದ್ದಾಳೆ'.

"ರಜಕ್ಕೆ ಬರ್ತೀನಲ್ಲ, ಆಗ ವಾಪಸ್ ಕೊಡ್ತೀನಿ. ಅಲ್ಲೀವರೆಗೂ ನಮ್ಮನೇಲಿ ಇರ್ಲಿ."

ಅದಾಗಿ ವರ್ಷವಾಯಿತು. ಫೋನು ವಾರಕ್ಕೊಂದಾಯಿತು, ತಿಂಗಳಿಗೊಂದಾಯಿತು, ನಿಂತಿತು. ನಾನು ಒಂದೆರಡು ಸಲ ಮಾಡಿದೆ. ಅವರಮ್ಮ "ಟ್ಯೂಷನ್‌ಗೆ ಹೋಗಿದಾಳೆ" ಎಂದರು. ಇಬ್ಬನಿ ಮಾತ್ರ ನಂಬಿಕೆ ಬಿಡಲಿಲ್ಲ. "ಅವಳು ಆಡ್ತಾ ಇದಾಳಮ್ಮ. ನನ್ನ ನೆರಳು ಜೊತೇಲಿದೆಯಲ್ಲ, ಗುಹೆ ತುಂಬಾ ಒಳಗಡೆವರೆಗೂ ಹೋಗಿರ್ತಾರೆ. ಅದಕ್ಕೇ ಫೋನ್ ಮಾಡಕ್ಕೆ ಟೈಮಿಲ್ಲ."

* * *

ನನ್ನ ಕೆಲಸ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ. ಜನ ಬಿಸಾಕಿದ ಫೋನು, ಗಡಿಯಾರ, ಕ್ಯಾಮೆರಾಗಳ ನೆನಪು ಅಳಿಸಿ, ಒಳಗಿನ ಚಿಪ್‌ಗಳನ್ನು ಮತ್ತೆ ಬಳಸಲು ಕಳಿಸುವ ಕಾರ್ಖಾನೆ. ಅಳಿಸುವ ಕೋಣೆಯ ಗೋಡೆ, ಸೂರು, ಬಾಗಿಲಿಗೆಲ್ಲ ತಾಮ್ರದ ಜಾಲರಿ ಹೊದಿಸಿದೆ. ಯಾರದೋ ಖಾಸಗಿ ಫೋಟೋ ಅಳಿಯುವ ಮುನ್ನ ಗಾಳಿಯಲ್ಲಿ ತಪ್ಪಿಸಿಕೊಳ್ಳಬಾರದಲ್ಲ. ವಸ್ತುವನ್ನು ಬೆಂಚಿನ ಮೇಲಿಟ್ಟು ಕರೆಂಟು ಕೊಟ್ಟರೆ ಎಚ್ಚರವಾಗುತ್ತದೆ. ಪೂರ್ತಿ ತೆರೆದುಕೊಳ್ಳಲು ಐವತ್ತು ಸೆಕೆಂಡು ಬಿಟ್ಟು, ನೆನಪು ಅಳಿಸುವ ಕೆಂಪು ಗುಂಡಿ ಒತ್ತುವುದು. ದಿನಕ್ಕೆ ನೂರಾ ಎಂಬತ್ತು.

ಚೀಲಗಳನ್ನು ಹೊರಗಿನ ಓಣಿಯ ಲಾಕರಿನಲ್ಲಿ ಇಡಬೇಕೆಂಬುದು ನಿಯಮ. ಆ ಶ್ರಾವಣದಲ್ಲಿ ಲಾಕರಿಗೆ ಇರುವೆ ಹತ್ತಿದವು. ಮೊದಲ ದಿನ ನನ್ನ ಪಕ್ಕದ ಬೆಂಚಿನ ಹಸೀನಾಳ ಪಲಾವು ಹೋಯಿತು, ಮರುದಿನ ನಾಲ್ವರದು.

"ತಿಮ್ಮರಾಯಪ್ಪನೋರೇ, ಇರುವೆಗೂ ಒಂದು ಪಂಚಿಂಗ್ ಕಾರ್ಡ್ ಮಾಡ್ಸಿ. ನಮಗಿಂತ ಮುಂಚೆ ಬತ್ತವೆ ಪಾಪ," ಎಂದಳು ಹಸೀನಾ.

ಸೂಪರ್‌ವೈಸರ್ ತಿಮ್ಮರಾಯಪ್ಪ ಕನ್ನಡಕ ಮೇಲೇರಿಸಿದರು. "ಬರೀ ಊಟ ಮಾತ್ರ ಒಳಗ್ ತಂದ್ಕೊಳ್ರಮ್ಮ. ನಾನು ನೋಡಿಲ್ಲ. ಫೋನ್ ಗೀನ್ ಇದ್ರೆ ಮಾತ್ರ ಸುಮ್ನಿರಕಿಲ್ಲ."

ನಾನು ಚೀಲವನ್ನು ಬೆಂಚಿನ ಕೆಳಗೆ ಕಾಲ ಬಳಿ ಇಟ್ಟುಕೊಂಡೆ. ಮೊಸರನ್ನದ ಪಕ್ಕ ಡಬ್ಬಿ ಮಲಗಿರುವುದು ನೆನಪಿಗೆ ಬರಲಿಲ್ಲ. ಅದೇ ವಾರ ಆ ಡಬ್ಬಿಯ ಹೊಸ ಮಾದರಿ ಬಂದು, ಹಳೆಯವನ್ನು ಕೊಟ್ಟವರಿಗೆ ರಿಯಾಯಿತಿ ಎಂದು ಸಾರಿದ್ದರು. ನಮ್ಮಲ್ಲಿಗೆ ಹಳೆಯ ಡಬ್ಬಿಗಳು ಮೂಟೆಗಟ್ಟಲೆ ಬರತೊಡಗಿದ್ದವು. ನನ್ನ ಬೆಂಚಿನ ಮೇಲೆ ಒಂದೊಂದೂ ಐವತ್ತು ಸೆಕೆಂಡು ಎಚ್ಚರವಾಗಿ ಅಳಿಸಿಹೋಗುತ್ತಿತ್ತು.

ಆ ಸಂಜೆ ಟೋಲ್ ಹತ್ತಿರ ಅತಿಥಿಗಳ ಪುಸ್ತಕ ತೆರೆದೆ. ಇಪ್ಪತ್ತಮೂರು.

ನನಗೆ ತಕ್ಷಣ ಹೊಳೆಯಿತು. ಆ ಡಬ್ಬಿಗಳು ಎಚ್ಚರವಾದ ಐವತ್ತು ಸೆಕೆಂಡಿನಲ್ಲಿ, ಒಳಗಿದ್ದ ನೆರಳುಗಳಿಗೆ ಹತ್ತಡಿಯೊಳಗೆ ಒಂದೇ ಒಂದು ಬಾಗಿಲು ಕಂಡಿದೆ. ದಾಟಿಬಿಟ್ಟಿವೆ. ಹಿಂದೆಯೇ ನಾನು ಅವುಗಳ ಮನೆ ಅಳಿಸಿದ್ದೇನೆ.

ಇಬ್ಬನಿ ಕಿರುಚಿದ್ದು ಕೆಳಗಿನ ಮನೆಯವರಿಗೂ ಕೇಳಿತು. "ಇಪ್ಪತ್ತಮೂರು! ಅಮ್ಮಾ, ಇಪ್ಪತ್ತಮೂರು ಜನ! ಎಲ್ಲಿ ಸಿಕ್ರು?"

"ಬಸ್ಸಲ್ಲಿ," ಎಂದೆ. ಬಾಯಿಗೆ ಬಂದದ್ದು ಅದೇ. "ಹೈವೇಲಿ ಯಾರ್ಯಾರೋ ಹೋಗ್ತಿರ್ತಾರಲ್ಲ."

ಅಂದು ಬಿಸ್ಕತ್ತು ತಂದಿರಲಿಲ್ಲ. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ಡಬ್ಬಿಯನ್ನು ನಾನೇ ಕೇಳಿ ಇಸಿದುಕೊಂಡೆ.

* * *

ಒಂದು ತಿಂಗಳು ನಮ್ಮ ಮನೆಯಲ್ಲಿ ಸದ್ದಿತ್ತು. ನಾನು ಒಗ್ಗರಣೆ ಹಾಕುತ್ತಿದ್ದರೆ ಅವಳು ಅಡುಗೆಮನೆ ಕಟ್ಟೆ ಹತ್ತಿ ಕೂತು ವರದಿ ಒಪ್ಪಿಸುವಳು. ಒಬ್ಬ ಎಲ್ಲರ ಚೀಲಕ್ಕೂ ಔಷಧಿ ತುಂಬುತ್ತಾನೆ, ತನಗೆ ಇಟ್ಟುಕೊಳ್ಳುವುದಿಲ್ಲ. ಒಬ್ಬಳು ತೋಳ ಕಂಡರೆ ಓಡುತ್ತಾಳೆ, ಆದರೆ ಹತ್ತು ಹೆಜ್ಜೆ ಓಡಿ ವಾಪಸು ಬರುತ್ತಾಳೆ. "ಇವಳು ನಿಜವಾಗ್ಲೂ ಹೆಂಗಿರಬೋದು ಅಮ್ಮ? ನನ್ನಷ್ಟೇ ಇರ್ತಾಳಾ?"

"ಇರ್ತಾಳೆ."

ನಾಲ್ಕನೆಯ ಬೆಳಿಗ್ಗೆ ಯಾರೂ ಹೊರಡಲಿಲ್ಲ. ಮೂಟೆ ಹೊತ್ತು ಬಾಗಿಲವರೆಗೆ ಬಂದು, ಹಿಮ ನೋಡಿ, ತಿರುಗಿ ಬರುತ್ತಿದ್ದರು. 'ದಾರಿ ಕಾಣುತ್ತಿಲ್ಲ. ಇನ್ನೊಂದು ರಾತ್ರಿ ಇರಲೇ?'

"ನಮ್ಮ ಛತ್ರ ಬಿಟ್ಟು ಹೋಗಕ್ಕೆ ಮನಸಿಲ್ಲ ಇವ್ರಿಗೆ," ಎಂದು ಇಬ್ಬನಿ ಬೀಗಿದಳು. ನಾನು ಒಲೆ ಸಣ್ಣ ಮಾಡಿ, ತೊಳೆದಿದ್ದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದೆ.

ಒಂದು ಭಾನುವಾರ ಹತ್ತು ಗಂಟೆಗೆ ತಟ್ಟೆ ಇಡ್ಲಿ ತರುತ್ತೇನೆಂದು ಹೋದವಳು ಹನ್ನೆರಡಾದರೂ ಬರಲಿಲ್ಲ. ಹುಡುಕಿಕೊಂಡು ಹೋದೆ. ಬಸ್ ಸ್ಟಾಪಿನಲ್ಲಿ ನಿಂತಿದ್ದಳು, ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದು. ಬಸ್ಸು ಬಂದು ನಿಂತಿತು. ಅವಳು ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲವರೆಗೆ ಕಿಟಕಿಗಳ ಕೆಳಗೆ ಮೆಲ್ಲಗೆ ನಡೆದಳು. ಮತ್ತೆ ಹಿಂದಿನಿಂದ ಮುಂದಕ್ಕೆ.

"ಏನವ್ವಾ, ಹತ್ತಂಗಿದ್ರೆ ಹತ್ತು. ಬಸ್ಸಿಗೇನು ಪ್ರದಕ್ಷಿಣೆ ಹಾಕ್ತಿದೀಯಾ?" ಎಂದ ಕಂಡಕ್ಟರ್. ಕಿಟಕಿಯಲ್ಲಿದ್ದವರು ನಕ್ಕರು. ಬಸ್ಸು ಹೋಯಿತು. ಅವಳು ಡಬ್ಬಿ ನೋಡಿದಳು, ಮುಂದಿನ ಬಸ್ಸಿಗೆ ಕತ್ತು ಚಾಚಿದಳು.

ನನ್ನನ್ನು ಕಂಡು ನಾಚಿಕೊಂಡಳು. "ಹದಿನಾಲ್ಕು ಬಸ್ ಆಯ್ತಮ್ಮ. ಒಬ್ರೂ ಇಲ್ಲ. ನಿಂಗೆ ಮಾತ್ರ ಹೆಂಗ್ ಸಿಗ್ತಾರೆ?"

"ಭಾನುವಾರ ಅಲ್ವೇನೇ. ಎಲ್ಲಾ ಮನೇಲಿರ್ತಾರೆ."

ಇಡ್ಲಿ ತಣ್ಣಗಾಗಿತ್ತು. ಮನೆಗೆ ಬರುವವರೆಗೂ ಅವಳು ಎದುರು ಬಂದ ಪ್ರತಿಯೊಬ್ಬ ಹುಡುಗಿಯ ಕೈ ನೋಡುತ್ತಲೇ ಬಂದಳು.

* * *

ಅದಾದ ಮೂರನೆಯ ದಿನ, ಊಟಕ್ಕೆ ಮುಂಚಿನ ಮೂಟೆಯಲ್ಲಿ, ಮಾಮೂಲಿನಂತೆ ತಂತಿ ಸಿಕ್ಕಿಸಲೆಂದು ಒಂದು ಡಬ್ಬಿಯನ್ನು ಬೋರಲು ಹಾಕಿದೆ. ಬೆನ್ನ ಮೇಲೆ ಕೈವಾರದಲ್ಲಿ ಕೆರೆದ ಅಕ್ಷರಗಳು. 'ಇಬ್ಬು ಇಲ್ಲಿದ್ದಾಳೆ.'

ಮೂಟೆಯ ಚೀಟಿ ನೋಡಿದೆ. ಬೆಳಗಾವಿ.

ತಂತಿ ಹಿಡಿದ ಕೈ ಅಲ್ಲೇ ನಿಂತಿತು. ಈಗ ಕರೆಂಟು ಕೊಟ್ಟರೆ ನೆರಳು ಕಾಲ ಬಳಿಯ ಚೀಲಕ್ಕೆ ದಾಟುತ್ತದೆ. ಹೋದ ಕಡೆ ಎಷ್ಟು ದಿನ ಏನೇನು ಮಾಡಿದೆ ಎಂಬ ಲೆಕ್ಕವೂ ಅದರ ಜೊತೆಗೇ ಬರುತ್ತದೆ. ಗೆಳತಿ ಡಬ್ಬಿಯನ್ನು ಎಸೆದಳು, ನೆರಳನ್ನೂ ಸೇರಿಸಿಯೇ ಎಸೆದಳು ಎಂಬುದು ಮಗುವಿಗೆ ತಿಳಿಯುತ್ತದೆ. ಚೀಲವನ್ನು ಹೊರಗಿಟ್ಟು ಬಂದು ಅಳಿಸಿದರೆ ಏನೂ ತಿಳಿಯುವುದಿಲ್ಲ. ಅವಳ ಲೆಕ್ಕದಲ್ಲಿ ಬೆಳಗಾವಿಯಲ್ಲೊಂದು ಗುಹೆ, ಗುಹೆಯ ಆಳದಲ್ಲಿ ಇಬ್ಬರು ಹುಡುಗಿಯರು ಇದ್ದೇ ಇರುತ್ತಾರೆ. ನೆರಳು ಮಾತ್ರ ಇನ್ನೆಂದೂ ಇರುವುದಿಲ್ಲ.

"ಏನ್ ಶೀಲಕ್ಕಾ, ಸ್ವಿಚ್ ಒತ್ತಕ್ಕೂ ಮುಹೂರ್ತ ನೋಡ್ತಿದೀಯಾ?" ಹಸೀನಾ ಬಗ್ಗಿದಳು. ಅಕ್ಷರ ತೋರಿಸಿದೆ. ಮೆಲ್ಲನೆ ಎಲ್ಲಾ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ದಿನಾ ಊಟದ ಚೀಲನ ಮಗೂ ಮಲಗಿಸ್ದಂಗೆ ಮಲಗಿಸ್ತೀಯ, ಏನೋ ಐತೆ ಅಂತ ಅಂದ್ಕಂಡೆ." ಅಕ್ಷರದ ಮೇಲೆ ಬೆರಳಾಡಿಸಿ ಹೇಳಿದಳು: "ಅಳಿಸ್ಬಿಡಕ್ಕ. ಕಾಯದ್ರಾಗೂ ಒಂದು ಸುಖ ಐತೆ. ಅದನ್ಯಾಕೆ ಕಿತ್ಕೊಂತೀಯ?"

ಚೀಲ ಎತ್ತಿಕೊಂಡು ಓಣಿಗೆ ಹೋದೆ. ಲಾಕರಿನ ಅಂಚಿನಲ್ಲಿ ಇರುವೆಗಳ ಸಾಲು ಹೊರಟಿತ್ತು, ಹೋಗುವವು ಬರುವವುಗಳನ್ನು ಮುಟ್ಟಿ ಮುಟ್ಟಿ ಮುಂದೆ ಹೋಗುತ್ತಿದ್ದವು. ಚೀಲ ಒಳಗಿಟ್ಟೆ. ಬೀಗದ ಕೈ ತಿರುಗಿಸುವಾಗ ನನಗೆ ಆ ಬಸ್ಸುಗಳು ಕಂಡವು. ಹದಿನಾಲ್ಕು ಬಸ್ಸು, ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ಕಾಯುವುದರಲ್ಲಿ ಸುಖವಿದೆ ಎಂದವಳು ಅವಳ ಮುಖ ನೋಡಿರಲಿಲ್ಲ.

ಚೀಲ ತೆಗೆದುಕೊಂಡು ವಾಪಸು ಬಂದೆ.

ಕರೆಂಟು ಕೊಟ್ಟೆ. ಪರದೆಯ ಮೇಲೆ ಛತ್ರ ಮೂಡಿತು. ದೀಪಗಳಿಲ್ಲ, ಎಣ್ಣೆ ಮುಗಿದಿತ್ತು. ಪಡಸಾಲೆಯಲ್ಲಿ ಒಂದು ಪುಟ್ಟ ಆಕೃತಿ ಬಾಗಿಲಿಗೆ ಮುಖ ಮಾಡಿ ಕೂತಿತ್ತು. ಮೂವತ್ತನೆಯ ಸೆಕೆಂಡಿಗೆ ತಲೆ ಎತ್ತಿತು. ಎದ್ದಿತು. ಹೋಗುವ ಮುನ್ನ, ಇಬ್ಬನಿ ಸ್ನಾನದಮನೆಯಿಂದ ಬರುವಾಗ ಲೈಟ್ ಆರಿಸಿದೆನೇ ಎಂದು ನೋಡುವಂತೆಯೇ, ಒಮ್ಮೆ ತಿರುಗಿ ನೋಡಿತು. ಬಾಗಿಲು ದಾಟಿತು. ನಾನು ಕೆಂಪು ಗುಂಡಿ ಒತ್ತಿದೆ.

* * *

ಆ ಸಂಜೆ ಟೋಲ್ ಹತ್ತಿರ ನಾನು ಡಬ್ಬಿ ತೆರೆಯಲಿಲ್ಲ. ಬಿಸ್ಕತ್ತನ್ನೂ ತರಲಿಲ್ಲ. ಮೊದಲು ಕೂರಿಸಿಕೊಂಡು ಹೇಳಬೇಕು ಅಂದುಕೊಂಡಿದ್ದೆ. ನಾನು ಕಾಲು ತೊಳೆದು ಬರುವಷ್ಟರಲ್ಲಿ ಅವಳು ತೆರೆದುಬಿಟ್ಟಿದ್ದಳು.

ಕಿರುಚಲಿಲ್ಲ. ಸೋಫಾದ ತುದಿಯಲ್ಲಿ ಕೂತು ಪರದೆಯನ್ನೇ ನೋಡುತ್ತಿದ್ದಳು. ಹಿಂದಿನಿಂದ ಬಗ್ಗಿ ನೋಡಿದೆ. ಮನೆಗೆ ಮರಳಿದ ನೆರಳು ತನ್ನ ಪ್ರಯಾಣದ ಪುಟ ಬಿಚ್ಚಿ ತೋರಿಸುತ್ತಿತ್ತು. 'ಜೊತೆಯಾಗಿ ಆಡಿದ ರಾತ್ರಿಗಳು: ಹತ್ತೊಂಬತ್ತು. ಒಂಟಿಯಾಗಿ ಕಾದ ರಾತ್ರಿಗಳು: ಮುನ್ನೂರ ಎಂಬತ್ತೆಂಟು.' ಡಬ್ಬಿ ಸತ್ತಿದ್ದರೂ ಒಳಗಿನ ಗಡಿಯಾರದ ಸೆಲ್ಲು ಎಣಿಸುತ್ತಲೇ ಇತ್ತು.

ಕುಕ್ಕರ್ ಒಂದು ಕೂಗು ಹಾಕಿತು.

"ಪ್ರಾಪ್ತಿ ಬಂದಿದ್ಲಾ?"

"ಇಲ್ಲ ಕಣೇ."

"ಬಸ್ಸಲ್ಲಿ ಸಿಕ್ಕಿದ್ದಲ್ಲ ಅಲ್ವಾ ಇದು."

"ಅಲ್ಲ."

ಎಲ್ಲವನ್ನೂ ಹೇಳಿದೆ. ಮೂಟೆ, ಐವತ್ತು ಸೆಕೆಂಡು, ತಾಮ್ರದ ಜಾಲರಿ, ಇರುವೆ. ಅವಳು ಕೊನೆಗೆ ಕೇಳಿದಳು:

"ಹಂಗಾದ್ರೆ ಇವರ್ಯಾರೂ ನಮ್ಮ ಛತ್ರ ಇಷ್ಟ ಆಗಿ ಉಳ್ಕೊಂಡಿದ್ದಲ್ಲ."

"ಇವರ ಮನೆ ಇಲ್ಲ ಪುಟ್ಟಾ."

"ನೀನೇ ಅಳಿಸಿದ್ದಾ?"

"ಹೂಂ."

ಎದ್ದು ಬಾಲ್ಕನಿಗೆ ಹೋದಳು. ಎದುರು ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಗೆದ ಬಟ್ಟೆಗಳ ಹಿಂದೆ ಅವರ ಟಿವಿ ಬೆಳಕು ಆಡುತ್ತಿತ್ತು. ಅವಳು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು. ಇನ್ನೆರಡು ಕೂಗಾದ ಮೇಲೆ ಒಲೆ ಆರಿಸಿದೆ. ತಟ್ಟೆಗೆ ಅನ್ನ ಸಾರು ಹಾಕಿಟ್ಟೆ. ಯಾರೂ ಮುಟ್ಟಲಿಲ್ಲ.

ಬಂದವಳು ಮೂಗು ಒರೆಸಿಕೊಂಡು ಡಬ್ಬಿ ಎತ್ತಿಕೊಂಡಳು. "ಅದು ಇನ್ನೂ ಬಾಗಿಲಲ್ಲೇ ನಿಂತಿದೆ. ಕೋಣೆ ಕೊಟ್ಟಿಲ್ಲ ನಾನು." ಒಂದೊಂದೇ ಕೋಣೆ ತೆರೆದು ನೋಡುತ್ತಾ ಹೋದಳು. ಎಲ್ಲಾ ಭರ್ತಿ. ಮನೆ ಇಲ್ಲದವರು ಒಬ್ಬರ ಪಕ್ಕ ಒಬ್ಬರು ಮಲಗಿದ್ದರು. "ಮೆಟ್ಟಿಲ ಪಕ್ಕದ್ದು ಒಂದೇ ಇರೋದು. ಅದ್ರಲ್ಲೂ ಒಬ್ರಿದಾರೆ."

"ಯಾರು?"

"ಗೊತ್ತಿಲ್ಲ. ಸೊನ್ನೆ ಇದ್ದಾಗಿಂದ್ಲೂ ಇದಾರೆ. ಅತಿಥಿ ಅಲ್ಲ, ಪುಸ್ತಕದಲ್ಲಿ ಹೆಸರಿಲ್ಲ. 'ಎರಡನೇ ಕೈ' ಅಂತ ಮಾತ್ರ ಇದೆ. ಆಟದವರೇ ಇಟ್ಟಿರೋ ಕೆಲಸದವ್ರು ಅನ್ಕೊಂಡಿದ್ದೆ." ಪರದೆಯಿಂದ ಕಣ್ಣೆತ್ತದೆ ಹೇಳುತ್ತಿದ್ದಳು. "ತೋಳ ಬಂದ್ರೂ ಹೊರಗ್ ಬರಲ್ಲ. ಎಣ್ಣೆ ಕೇಳಲ್ಲ, ಊಟ ಕೇಳಲ್ಲ. ಭಾನುವಾರ ಡಬ್ಬಿ ಮನೇಲಿದ್ದಾಗ ನೋಡಿದೀನಿ, ಆರೂ ಹತ್ತಕ್ಕೆ ಎದ್ದು ಪಡಸಾಲೆಗೆ ಬರ್ತಾರೆ. ಪುಸ್ತಕ ತೆಗೆದು ಎಷ್ಟು ಜನ ಬಂದಿದಾರೆ ನೋಡ್ತಾರೆ. ಬಾಗಿಲು ಹಾಕ್ಕೊಂಡು ಹೋಗ್ಬಿಡ್ತಾರೆ. ಅಷ್ಟೇ. ಅವರದು ಅಂತ ಏನೂ ಇಲ್ಲ."

ಸೊನ್ನೆಯ ದಿನಗಳಲ್ಲೇ ನಲವತ್ತಕ್ಕೂ ಹೆಚ್ಚು ಸಲ ನನ್ನ ಕೈ ಅದರ ಬೆನ್ನು ಹಿಡಿದಿತ್ತು.

ಅವಳು ಈಗ ನನ್ನನ್ನು ನೋಡಿದಳು. ಹೊಸಬರನ್ನು ನೋಡುವಂತೆ, ಸ್ವಲ್ಪ ಹೊತ್ತು. ಆಮೇಲೆ ಡಬ್ಬಿಯನ್ನು ನನ್ನ ಕೈಗಿಟ್ಟಳು.

ಪದರ ನನ್ನ ಬೆರಳನ್ನು ಗುರುತಿಸಿತು. ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಒಬ್ಬಳು ಎದ್ದಳು. ಭುಜ ಸ್ವಲ್ಪ ಬಾಗಿತ್ತು. ಪಡಸಾಲೆಗೆ ಬಂದಳು, ಪುಸ್ತಕ ತೆರೆದಳು, ಬೆರಳಿಟ್ಟು ಎಣಿಸಿದಳು. ಬಾಗಿಲಲ್ಲಿ ಪುಟ್ಟ ನೆರಳು ಮೂಟೆ ಹೊತ್ತು ನಿಂತೇ ಇತ್ತು. ಅದರ ತಲೆಯ ಮೇಲೆ ಅಕ್ಷರ ಮೂಡಿತು: 'ಇಲ್ಲಿ ಎಷ್ಟು ರಾತ್ರಿ ಇರಬಹುದು?'

ಪುಸ್ತಕ ನೋಡಿಯಾದ ಮೇಲೆ ದಿನವೂ ನಾನು ಮಾಡುವುದು ಒಂದೇ. ಹೆಬ್ಬೆರಳು ತಾನಾಗಿ ಮುಚ್ಚುವ ಗುಂಡಿಯ ಮೇಲೆ ಹೋಗಿತ್ತು. ಪರದೆಯೊಳಗೆ ಅವಳ ಕೈಯೂ ಬಾಗಿಲ ಅಗುಳಿಯ ಮೇಲಿತ್ತು.

ಬೆರಳು ತೆಗೆದೆ. ಏನು ಒತ್ತಬೇಕೆಂದು ತಿಳಿಯದೆ ಇಬ್ಬನಿಯ ಮುಖ ನೋಡಿದೆ. ಅವಳು ನನ್ನ ಹೆಬ್ಬೆರಳು ಹಿಡಿದು ಎಡಕ್ಕೆ ಒಯ್ದಳು. ಅಗುಳಿಯಿಂದ ಕೈ ತೆಗೆದು ಆಕೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಪುಟ್ಟ ನೆರಳು ಒಳಗೆ ಬಂದು, ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಖಾಲಿಯಿದ್ದ ಹಾಸಿಗೆಯ ಮೇಲೆ ಮೂಟೆ ಇಳಿಸಿತು. ಎರಡನೇ ಕೈಯವಳು ಪಡಸಾಲೆಯಲ್ಲೇ ನಿಂತಿದ್ದಳು. ಮುಂದೇನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಅವಳು ನಾಳೆ ಮತ್ತೆ ಬಾಗಿಲು ಹಾಕ್ಕೊಂಡೇ ಹೋಗ್ತಾಳೆ," ಎಂದಳು ಇಬ್ಬನಿ. "ಒಂದು ಸಲಕ್ಕೆ ನೆರಳು ಏನೂ ಕಲಿಯಲ್ಲ ಅಮ್ಮ. ಹಳೇದನ್ನ ಬಿಡಕ್ಕೂ ನಲವತ್ತು ಸಲ ಆಗ್ಬೇಕು."

ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಅವಳು ಪಕ್ಕದಲ್ಲಿ ಕೂತು ಮೊಣಕೈಯನ್ನು ನನ್ನ ಮೊಣಕೈಗೆ ತಗುಲಿಸಿದಳು. ತಟ್ಟೆಯಲ್ಲಿ ಅನ್ನ ಆರಿತ್ತು.

"ಇವತ್ತು ಒಂದಾಯ್ತು," ಎಂದೆ. "ಎಣ್ಣೆ ತರೋ ಗುಹೆ ಯಾವ ಕಡೆ ಬರತ್ತೆ, ಹೇಳು."